ಲಲಿತಾಳಿಗೆ ಬಂದ ಅರವತ್ತೊಂದು ಪತ್ರಗಳು

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಆ ಹೊತ್ತಿಗೆ ಅದು ಬಡಿದುಕೊಳ್ಳುವುದು ಹೊಸದಲ್ಲ. ಕಂಪ್ಲಿಯ ಹೊರಗಿರುವ ನಮ್ಮ ಉಪಕಾಲುವೆಯ ಮುನ್ನೂರ ನಲವತ್ತು ರೈತರಿಗೂ ಆಗಲೇ ಕರೆ ಬರುತ್ತದೆ. ಯಂತ್ರದ ಒಂದು ಹೆಣ್ಣುಧ್ವನಿ "ಆರನೇ ತೂಬಿನವರಿಗೆ ನಾಳೆ ಬೆಳಿಗ್ಗೆ ಏಳರಿಂದ ನೀರು" ಎಂದು ಎರಡು ಸಲ ಹೇಳಿ ಸುಮ್ಮನಾಗುತ್ತದೆ. ನನ್ನ ಹೆಂಡತಿಗೆ ತವರಿನಿಂದ ಬಂದ ಒಂದೂವರೆ ಎಕರೆ ಗದ್ದೆ ಒಂಬತ್ತನೆಯ ತೂಬಿನಲ್ಲಿದೆ. ಅದೇ ಕೊನೆಯ ತೂಬು. ಹಾಗಾಗಿ ಆ ಪಟ್ಟಿಯಲ್ಲಿ ನಾನೂ ಒಬ್ಬ.

ಆ ದಿನ ಧ್ವನಿ ಇಂಗ್ಲಿಷಿನಲ್ಲಿ ಮಾತಾಡಿತು. ಕನ್ನಡ ಓದಲೆಂದು ಮಾಡಿದ ಯಂತ್ರ ಇಂಗ್ಲಿಷನ್ನು ಓದಿದರೆ, ಐದನೇ ತರಗತಿಯ ಮಗು ಅಕ್ಷರದ ಕೆಳಗೆ ಬೆರಳಿಟ್ಟು ಓದಿದಂತೆ ಕೇಳುತ್ತದೆ. ಮೊದಲ ಸಲಕ್ಕೆ ನನಗೆ ಸಿಕ್ಕಿದ್ದು ಕೆಲವೇ ಮಾತು: ಲಲಿತಾ, ಕಂಪನಿ, ಹೈದರಾಬಾದ್, ಒಳ್ಳೆಯ ಸಂಬಳ. ಎರಡನೆಯ ಸಲ ಎಲ್ಲವೂ ತಿಳಿಯಿತು. ಅಮೆರಿಕದ ಒಂದು ದೊಡ್ಡ ಕಂಪ್ಯೂಟರ್ ಕಂಪನಿ ನಮ್ಮ ಲಲಿತಾಳನ್ನು ಕೆಲಸಕ್ಕೆ ಕರೆಯುತ್ತಿತ್ತು. ನಾನು ಲೋಟ ಕೆಳಗಿಟ್ಟು ಹೆಂಡತಿಯನ್ನು ಕೂಗಿದೆ. ನನಗೆ ಆದದ್ದು ಸಂತೋಷವೇ. ಆ ಕರೆ ಎಂಥ ಗೊಂದಲ ಎಬ್ಬಿಸಬಹುದೆಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಲಲಿತಾ ನನ್ನ ಶಿಷ್ಯೆ. ನಾನು ಪಾಪಿನಾಯಕನಹಳ್ಳಿಯ ಶಾಲೆಯಲ್ಲಿದ್ದಾಗ ಎಂಟನೇ ತರಗತಿಗೆ ಬಂದಳು. ಅವಳ ತಂದೆ ಗಾದಿಲಿಂಗಪ್ಪ ದೋಣಿಮಲೈ ಗಣಿಯ ನೌಕರರನ್ನು ಕರೆದೊಯ್ಯುವ ಬಸ್ಸಿನ ಚಾಲಕ. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಹಾಜರಿ ಪಟ್ಟಿಯ ಕ್ರಮದಲ್ಲೇ ಸಾಲು ನಿಲ್ಲಿಸುತ್ತಿದ್ದೆವು. ಕೊನೆಯ ಮಕ್ಕಳ ಪಾಲಿಗೆ ಸಾರಿನ ತಿಳಿ ಮಾತ್ರ ಉಳಿಯುತ್ತಿತ್ತು. ಲಲಿತಾಳ ಹೆಸರು ಪಟ್ಟಿಯ ನಡುವೆ ಇತ್ತು, ಅವಳಿಗೇನೂ ತೊಂದರೆಯಿರಲಿಲ್ಲ. ಆದರೂ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಸಾರ್, ಒಂದಿನ ಮುಂದ್ಲಿಂದ, ಒಂದಿನ ಹಿಂದ್ಲಿಂದ ನಿಲ್ಲಿಸಿದ್ರ ಹ್ಯಾಂಗ್ರಿ?" ಎಂದು ಕೇಳಿದಳು. ಎಷ್ಟೋ ವರ್ಷದಿಂದ ಆ ಸಾಲನ್ನು ನೋಡಿಕೊಂಡು ಬಂದಿದ್ದ ನನಗೆ ಅದು ತೋಚಿರಲಿಲ್ಲ. ಮರುದಿನವೇ ಹಾಗೆ ಮಾಡಿದೆವು.

ಮುಂದೆ ಹೊಸಪೇಟೆಯಲ್ಲಿ ಇಂಜಿನಿಯರಿಂಗ್ ಓದಿದಳು. ತಾಯಿ ಭರಮಮ್ಮನ ಊರಾದ ಕಂಪ್ಲಿಗೆ ಬಂದು, ಬಸ್ ನಿಲ್ದಾಣದ ಹಿಂದೆ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ ಹಿಡಿದಳು. ಅಕ್ಕಿ ಗಿರಣಿಗಳಿಗೆ ಲಾರಿ ತೂಕದ ಪ್ರೋಗ್ರಾಮ್ ಬರೆದುಕೊಡುವುದು ಅವಳ ಹೊಟ್ಟೆಪಾಡು. ಕಾಲುವೆಯದು ಸ್ವಂತ ಇಷ್ಟದ ಕೆಲಸ.

ನೀರಿನ ಪಾಳಿ ನಮ್ಮಲ್ಲಿ ಹಳೆಯದು. ಯಾವ ತೂಬಿಗೆ ಯಾವಾಗ ನೀರು ಎಂಬುದನ್ನು ನೀರಗಂಟಿ ಎರ್ರೆಪ್ಪ ಹೇಳುತ್ತಾನೆ. ಮೊದಲು ಸೈಕಲ್ ಮೇಲೆ ಮನೆಮನೆಗೆ ಹೋಗಿ ಹೇಳುತ್ತಿದ್ದ. ಅವನು ಒಂದು ಮನೆಗೆ ಮುಟ್ಟುವ ಹೊತ್ತಿಗೆ ಇನ್ನೊಂದು ಕಡೆ ಬಡಿಗೆಗಳು ಎದ್ದಿರುತ್ತಿದ್ದವು. ಲಲಿತಾ ಒಂದು ಉಪಾಯ ಮಾಡಿದಳು. ಎರ್ರೆಪ್ಪ ತನ್ನ ಫೋನಿನಿಂದ ಒಂದು ಇಮೇಲ್ ವಿಳಾಸಕ್ಕೆ ಪಾಳಿ ಬರೆದು ಕಳಿಸಬೇಕು. ಆ ಪೆಟ್ಟಿಗೆಗೆ ಬಿದ್ದದ್ದನ್ನು ಯಂತ್ರ ಮರುದಿನ ಬೆಳಿಗ್ಗೆ ಎಲ್ಲರಿಗೂ ಓದಿ ಹೇಳುತ್ತದೆ. ಎರ್ರೆಪ್ಪ ಆಗಾಗ ಫೋನು ಕಳೆದುಕೊಳ್ಳುವ ಮನುಷ್ಯ. ಒಮ್ಮೆ ಮಗಳ ಫೋನಿನಿಂದ, ಒಮ್ಮೆ ಚಹಾ ಅಂಗಡಿಯವನ ಫೋನಿನಿಂದ ಕಳಿಸುತ್ತಿದ್ದ. ಹಾಗಾಗಿ ಯಾರು ಕಳಿಸಿದರೂ ಓದುವಂತೆ ಅವಳು ಬಾಗಿಲು ತೆರೆದಿಟ್ಟಿದ್ದಳು. ಬೇರೆ ಊರಿನ ಕಾಲುವೆಯವರಿಗೂ ಉಪಯೋಗವಾಗಲೆಂದು ಇಡೀ ಪ್ರೋಗ್ರಾಮನ್ನು ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಹಾಕಿದ್ದಳು. ಅದರೊಳಗೆ ಅವಳ ಹೆಸರೂ ಆ ಪೆಟ್ಟಿಗೆಯ ವಿಳಾಸವೂ ಇದ್ದವು. ಕಂಪನಿಯ ಪತ್ರ ನೇರವಾಗಿ ಅಲ್ಲಿಗೇ ಬಂದು ಬಿದ್ದಿತ್ತು.

ಇದರಲ್ಲಿ ನಗುವಂಥದು ಇತ್ತು, ನಿಜ. ಆದರೆ ನಮ್ಮ ಕಾಲುವೆಗೆ ಒಂದು ಕಟ್ಟಳೆ ಇದೆ. ಪಾಳಿ ಹೇಳುವವರು ಕಾಲುವೆಯಲ್ಲಿ ನೀರಿರುವಷ್ಟು ದಿನ ಬೇರೆ ಕಡೆ ಕೆಲಸ ಒಪ್ಪಿಕೊಳ್ಳಬಾರದು. ಒಪ್ಪಿಕೊಂಡರೆ ಅವರು ಹೇಳಿದ ಪಾಳಿ ಮುರಿದಂತೆ. ಇನ್ನೊಬ್ಬರನ್ನು ಕೂರಿಸುವ ತನಕ ಯಾರ ತೂಬು ಮೊದಲೋ ಅವರಿಗೆ ನೀರು. ಎರಡು ವರ್ಷದ ಹಿಂದೆ ಎಲ್ಲರೂ ಸೇರಿ ಎರ್ರೆಪ್ಪನ ಜೊತೆಗೆ ಲಲಿತಾಳನ್ನೂ ಪಾಳಿ ಹೇಳುವವಳೆಂದು ಒಪ್ಪಿದ್ದರು. ಆ ಕಟ್ಟಳೆ ಅವಳಿಗೂ ಅನ್ವಯಿಸುತ್ತಿತ್ತು.

ಒಂಬತ್ತನೇ ತೂಬಿಗೆ ಇನ್ನು ಒಂದೇ ಪಾಳಿ ಉಳಿದಿತ್ತು. ಅದು ಗುರುವಾರ ಹನ್ನೊಂದರಿಂದ ಸಂಜೆ ಆರರವರೆಗೆ. ಆರಕ್ಕೆ ನೀರನ್ನು ಊರಿನ ಕುಡಿಯುವ ನೀರಿನ ಕೆರೆಗೆ ತಿರುಗಿಸುತ್ತಾರೆ, ಸೋಮವಾರ ಕಾಲುವೆಯೇ ಬಂದ್. ಭತ್ತ ತೆನೆ ಬಿಟ್ಟು ಕಾಳು ಹಾಲುಗಟ್ಟುವ ಹೊತ್ತದು. ಆಗ ನೀರು ತಪ್ಪಿದರೆ ಕೊಯ್ಲಿಗೆ ಬರುವುದು ಬರೀ ಜೊಳ್ಳು. ಕೊನೆಯ ತೂಬಿನಲ್ಲಿ ಅರವತ್ತು ಮನೆಗಳಿದ್ದವು.

ಮಂಗಳವಾರ ಮಧ್ಯಾಹ್ನ ಮೂರನೇ ತೂಬಿನ ಪಾಳಿ ಮುಗಿಯಬೇಕಿತ್ತು. ಅಲ್ಲಿನ ದೊಡ್ಡ ರೈತ ಮರುಳಸಿದ್ದಪ್ಪನವರು ತೂಬು ಮುಚ್ಚುವ ಹಲಗೆಯನ್ನು ಇಳಿಸಲಿಲ್ಲ. ಅವರಿಗೆ ಅಕ್ಕಿ ಗಿರಣಿಯೂ ಇದೆ, ಎಲ್ಲರೂ ಸಾವ್ಕಾರ್ರು ಎನ್ನುತ್ತಾರೆ. ಎರ್ರೆಪ್ಪ ಹೋಗಿ ಕೇಳಿದರೆ, "ಕಂಪನಿ ಆರ್ಡರ್ ಬಂದೈತಂತಲ್ಲಪಾ ನಿಮ್ಮ ಹುಡುಗಿಗೆ. ಕಟ್ಟಳಿ ಪ್ರಕಾರ ಪಾಳಿ ಮುರೀತು. ಇನ್ನ ಯಾವ ಹಲಿಗಿ?" ಎಂದರಂತೆ.

ಸಂಜೆ ಮೂರನೇ ತೂಬಿನ ಸೇತುವೆಯ ಮೇಲೆ ಜನ ಸೇರಿದರು. ನಾನು ಹೋಗುವಷ್ಟರಲ್ಲಿ ಎಂಬತ್ತು ತೊಂಬತ್ತು ಮಂದಿಯಿದ್ದರು. ಲಲಿತಾ ಇನ್ನೂ ಬಂದಿರಲಿಲ್ಲ, ಸಂಡೂರಿಗೆ ಕೆಲಸದ ಮೇಲೆ ಹೋಗಿದ್ದಳು. ಆದರೆ ಅವಳ ತಂದೆ ಗಾದಿಲಿಂಗಪ್ಪ ಬಂದಿದ್ದ. ಕಾಲುವೆಯ ಪೆಟ್ಟಿಗೆ ಎರ್ರೆಪ್ಪನ ಫೋನಿನಲ್ಲೂ ತೆರೆಯುತ್ತಿತ್ತು; ಅದರಿಂದ ಆ ಪತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ತಂದಿದ್ದ.

ಅವನನ್ನು ಕಂಡು ನಗಲಾಗಲಿಲ್ಲ. ಇಪ್ಪತ್ತೆರಡು ವರ್ಷ ಗುತ್ತಿಗೆಯ ಮೇಲೆ ಬಸ್ಸು ಓಡಿಸಿದವನು. ತನ್ನ ಹಿಂದಿನ ಸೀಟಿನಲ್ಲಿ ಕುಳಿತವರಲ್ಲಿ ಒಬ್ಬೊಬ್ಬರಿಗೇ ಲಕೋಟೆ ಬಂದು ಕೆಲಸ ಕಾಯಂ ಆಗುವುದನ್ನು ಕನ್ನಡಿಯಲ್ಲಿ ನೋಡಿದವನು. ಅವನಿಗೆ ಮಾತ್ರ ಲಕೋಟೆ ಬರಲಿಲ್ಲ. ಕೇಳದೆ ಮನೆಗೆ ಬಂದ ಕಂಪನಿ ಪತ್ರವೆಂದರೆ ಕೆಲಸ ಆಯಿತೆಂದೇ ಅರ್ಥ, ಅವನಿಗೂ ಅಲ್ಲಿ ನೆರೆದವರಿಗೂ.

"ಮೇಷ್ಟ್ರು ಬಂದ್ರು. ಕುಂದ್ರಿ ಸಾರ್," ಎಂದರು ಮರುಳಸಿದ್ದಪ್ಪನವರು. "ನೀವ ಓದಿ ಹೇಳ್ರಿ. ನಾ ಹೇಳಿದ್ರ ಸಾವ್ಕಾರಗ ನೀರಿನಾಸಿ ಅಂತಾರ. ಇದು ಆರ್ಡರ್ ಹೌದೋ ಅಲ್ಲೋ?"

ಗಾದಿಲಿಂಗಪ್ಪ ಎರಡೂ ಕೈಯಲ್ಲಿ ಹಾಳೆಯನ್ನು ನನಗೆ ಕೊಟ್ಟ. ನಾನು ಕನ್ನಡಕ ಒರೆಸಿಕೊಂಡು ಓದಿದೆ. ಒಂದೊಂದು ವಾಕ್ಯವನ್ನೂ ತರಗತಿಯಲ್ಲಿ ಮಾಡುತ್ತಿದ್ದಂತೆ ಬಿಡಿಸಿ ಕನ್ನಡಕ್ಕೆ ತಂದೆ. "ಪ್ರಿಯ ಲಲಿತಾ, ತಮ್ಮ ಕೆಲಸವನ್ನು ನೋಡಿ ನಾವು ಬಹಳ ಮೆಚ್ಚಿದ್ದೇವೆ. ಹೈದರಾಬಾದಿನ ನಮ್ಮ ತಂಡದಲ್ಲಿ ತಮಗೆ ತಕ್ಕ ಸ್ಥಾನವೂ ಒಳ್ಳೆಯ ಸಂಬಳವೂ ಇವೆ. ಈ ವಾರದಲ್ಲಿ ತಾವು ನಮ್ಮೊಡನೆ ಮಾತಾಡಬೇಕೆಂದು ಕೋರುತ್ತೇವೆ." ಮೆಚ್ಚಿದ್ದೇವೆ ಎನ್ನುವಾಗ ನನ್ನ ದನಿ ಸ್ವಲ್ಪ ಏರಿತ್ತು. ಶಿಷ್ಯೆಯ ಹೆಮ್ಮೆ. ಕೇಳದಿದ್ದರೂ ಒಂದು ಮಾತು ಸೇರಿಸಿದೆ: "ಇದು ಕರೆಪತ್ರವೇ ಹೌದು. ನಮ್ಮ ಊರಿನ ಹುಡುಗಿಯನ್ನು ಅವರೇ ಹುಡುಕಿಕೊಂಡು ಬಂದಿದ್ದಾರೆ."

ಒಂಬತ್ತನೇ ತೂಬಿನ ಸುಂಕಮ್ಮ, ಎರಡು ಎಕರೆಯ ಒಂಟಿ ಹೆಂಗಸು, ನನ್ನನ್ನೇ ನೋಡುತ್ತಿದ್ದಳು. ನಾನು ಏನು ಹೇಳಿಬಿಟ್ಟೆನೆಂದು ಆಗ ಅರಿವಾಯಿತು.

ಅಷ್ಟರಲ್ಲಿ ಲಲಿತಾ ಸ್ಕೂಟಿ ನಿಲ್ಲಿಸಿ ಬಂದಳು. ನನ್ನ ಕೊನೆಯ ಮಾತು ಅವಳಿಗೆ ಕೇಳಿಸಿರಬೇಕು. "ಸಾರ್, ಅದು ಆರ್ಡರ್ ಅಲ್ರಿ," ಎಂದಳು.

"ಮತ್ತೇನವ್ವಾ ಅದು?" ಮರುಳಸಿದ್ದಪ್ಪನವರು ಕೇಳಿದರು.

"ಸುಮ್ಮನ ಬರೋ ಪತ್ರ ರೀ. ನನ್ನಂಥಾ ಕೆಲಸ ಮಾಡೋರಿಗೆ ಎಲ್ಲಾರಿಗೂ ಬರ್ತಾವ. ಅವರು ನನ್ನ ಕೆಲಸ ನೋಡೇ ಇಲ್ಲ."

"ಎಲ್ಲಾರಿಗೂ ಬರ್ತಾವಂತ. ಲೇ ಎರ್ರೆಪ್ಪಾ, ನಿಂಗೂ ಬಂದೈತೇನಲೇ ಹೈದರಾಬಾದಿಂದ?"

ಜನ ನಕ್ಕರು. ಎರ್ರೆಪ್ಪ ನೆಲ ನೋಡಿದ.

"ಮೆಚ್ಚೀವಿ ಅಂತ ಬರದಾರ. ಮೇಷ್ಟ್ರು ಸುಳ್ಳು ಓದ್ತಾರೇನು?" ಎಂದರು ಮರುಳಸಿದ್ದಪ್ಪನವರು. "ಹೋಗಬ್ಯಾಡ ಅನ್ನಂಗಿಲ್ಲ ನಾವು. ಮಸ್ತ್ ಕೆಲಸ, ಹೋಗು. ಆದರ ಕಟ್ಟಳಿ ಕಟ್ಟಳಿನ. ನಾಳೆ ಸಂಜಿಗೆ ನನ್ನ ಮಿಲ್ಲಿನ ಕಣದಾಗ ಕೂಡೂಣು. ಅಲ್ಲೀತನಕ ನನ್ನ ಹಲಿಗಿ ಇಳಿಯಂಗಿಲ್ಲ."

ಗಾದಿಲಿಂಗಪ್ಪ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡ. ಮಗಳ ಮುಖ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಲಲಿತಾ ನನ್ನ ಮನೆಗೆ ಬಂದಳು. ಹೆಂಡತಿ ಕೊಟ್ಟ ಚಹಾವನ್ನು ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಕುಳಿತಳು.

"ನಿಮ್ಮನ್ನ ಕೇಳಾಕ ಬಂದಿಲ್ರಿ ಸಾರ್. ತೋರ್ಸಾಕ ಬಂದೀನಿ."

ಫೋನು ತೆಗೆದು ಒಂದೊಂದೇ ಪತ್ರ ತೋರಿಸಿದಳು. ಮೂರು ವರ್ಷದಲ್ಲಿ ದೊಡ್ಡ ದೊಡ್ಡ ಕಂಪನಿಗಳಿಂದ ಅರವತ್ತೊಂದು ಬಂದಿದ್ದವು. ಎಲ್ಲವೂ ಅವಳ ಸ್ವಂತ ವಿಳಾಸಕ್ಕೆ. ಕಾಲುವೆಯ ಪೆಟ್ಟಿಗೆಗೆ ಬಿದ್ದದ್ದು ಇದೊಂದೇ. ಎಲ್ಲರೂ ಅವಳ ಕೆಲಸವನ್ನು ಮೆಚ್ಚಿದ್ದರು, ಬಹುತೇಕ ಅವೇ ಮಾತುಗಳಲ್ಲಿ. ಒಬ್ಬರು ಶ್ರೀಮಾನ್ ಲಲಿತ್ ಎಂದು ಬರೆದಿದ್ದರು. ಇನ್ನೊಬ್ಬರು ಹಡಗು ಸಾಗಣೆಯಲ್ಲಿ ಅವಳ ಅನುಭವವನ್ನು ಹೊಗಳಿದ್ದರು. ಲಲಿತಾ ನೋಡಿರುವ ನಾವೆಯೆಂದರೆ ಹಂಪಿಯ ಹೊಳೆಯ ತೆಪ್ಪ. ಒಂದು ಪತ್ರದಲ್ಲಿ ಹೆಸರಿರಬೇಕಾದ ಜಾಗದಲ್ಲಿ "ಪ್ರಿಯ ಮೊದಲ ಹೆಸರು" ಎಂದಿತ್ತು. ಹೆಸರು ತುಂಬುವ ಯಂತ್ರ ಅಲ್ಲಿ ಕೆಟ್ಟಿತ್ತಂತೆ.

ವಾಕ್ಯದಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂದು ಹುಡುಕಲು ಮೂವತ್ತೆಂಟು ವರ್ಷ ಮಕ್ಕಳಿಗೆ ಕಲಿಸಿದೆ. ಯಾರೂ ಬರೆಯದ, ಯಾರಿಗೂ ಬರೆಯದ ಪತ್ರವೊಂದು ಇರಬಹುದೆಂದು ನಾನೇ ಕಲಿತಿರಲಿಲ್ಲ.

"ತಪ್ಪು ನನ್ನದಮ್ಮ," ಎಂದೆ.

"ನಂದೂ ಐತ್ರಿ. ಬಾಗ್ಲ ತೆರದಿಟ್ಟಿದ್ದೆ. ನಿನ್ನೆ ಮುಚ್ಚೀನಿ. ಇನ್ನ ಎರ್ರೆಪ್ಪಂದು, ಅವನ ಮಗಳದು ಬಿಟ್ರ ಬ್ಯಾರೆ ಯಾರು ಕಳಿಸಿದ್ರೂ ಓದಂಗಿಲ್ಲ." ಅವಳು ಫೋನನ್ನು ಕೆಳಗಿಟ್ಟು, "ಇನ್ನೊಂದ ಐತ್ರಿ ಸಾರ್. ಇವುಗಳೊಳಗ ಎರಡಕ್ಕ ನಾ ಉತ್ತರ ಬರದೀನಿ. ಒಂದರಾಗ ಪರೀಕ್ಷಾನೂ ಕೊಟ್ಟೆ. ಆಗ್ಲಿಲ್ಲ. ಮನ್ಯಾಗ ಹೇಳಿಲ್ಲ. ಇವತ್ತು ಹೇಳ್ಬೇಕೇನ್ರಿ?" ಎಂದಳು.

ಹೇಳಬೇಡ ಎಂದೆ. ಯಾರೂ ಕೇಳುವುದಿಲ್ಲ, ಕೇಳದ್ದನ್ನು ಹೇಳುವ ಅಗತ್ಯವಿಲ್ಲ ಎಂದೆ. ಹಾಗೆ ಹೇಳಿದ್ದು ಮೇಷ್ಟ್ರಲ್ಲ, ಒಂಬತ್ತನೇ ತೂಬಿನ ಒಂದೂವರೆ ಎಕರೆಯ ಭತ್ತ. ಅವಳು ಆರಿದ ಚಹಾ ಕುಡಿದು ಹೋದಳು.

ಸಂಜೆ ಗಿರಣಿಯ ಕಣದಲ್ಲಿ ಹಿಂದಿನ ದಿನಕ್ಕಿಂತ ಹೆಚ್ಚು ಜನ. ಭತ್ತ ಒಣಗಿಸುವ ಸಿಮೆಂಟು ನೆಲ ಇನ್ನೂ ಕಾದಿತ್ತು, ಎಲ್ಲರೂ ಗೋಣಿಚೀಲ ಹಾಸಿಕೊಂಡು ಕುಳಿತರು. ಒಂದನೆಯ, ಎರಡನೆಯ ತೂಬಿನವರೂ ಅಂದು ಮಧ್ಯಾಹ್ನ ಹಲಗೆ ಎತ್ತಿದ್ದರು. ಮರುದಿನ ಹನ್ನೊಂದಕ್ಕೆ ಆ ಮೂರೂ ತೂಬು ಮುಚ್ಚದಿದ್ದರೆ ಕೊನೆಗೆ ಹನಿ ನೀರು ಬರುವಂತಿರಲಿಲ್ಲ.

ನಾನು ಎದ್ದು ನಿಂತು, ನಿನ್ನೆ ನಾನು ಓದಿದ್ದು ಸರಿ, ಹೇಳಿದ ಅರ್ಥ ತಪ್ಪು ಎಂದೆ. ಇಂಥವು ಅರವತ್ತೊಂದು ಬಂದಿವೆ ಎಂದು ಹೇಳಿ ಮೂರು ಪತ್ರ ಓದಿದೆ: ಲಲಿತ್ ಎಂಬ ಗಂಡಸಿಗೆ ಬರೆದದ್ದು, ಹಡಗಿನದು, ಮೊದಲ ಹೆಸರಿನದು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಂಕಮ್ಮ ಕೇಳಿದಳು:

"ಮೇಷ್ಟ್ರೇ, ದಿನಾ ಮಧ್ಯಾಹ್ನ ಒಬ್ಬಾಕಿ ಫೋನ್ ಮಾಡಿ ಮೇಡಂ ನಿಮಗ ಐದು ಲಕ್ಷ ಲೋನ್ ಸ್ಯಾಂಕ್ಷನ್ ಆಗೇತಿ ಅಂತಾಳ. ಹಂಗೇನ್ರಿ ಇದು?"

"ಹಾಗೇ, ಸುಂಕಮ್ಮ."

"ಹಂಗಾದ್ರ ಇದರಾಗೇನೈತಿ? ನಂಗ ಐದು ಲಕ್ಷ ಬಂತೇನು?"

ಕಣದ ತುಂಬ ನಗೆ ಎದ್ದಿತು. ಆದರೆ ಗಾದಿಲಿಂಗಪ್ಪ ನಗಲಿಲ್ಲ. ನಿಧಾನವಾಗಿ ಎದ್ದ.

"ಅರವತ್ತೊಂದು ಅಂದ್ರಿ ಮೇಷ್ಟ್ರೇ?"

"ಹೌದು."

ಅವನು ಮಗಳ ಕಡೆ ತಿರುಗಿದ. "ಅರವತ್ತೊಂದು ಸಲ ಕರದಾರೇನವ್ವಾ ನಿನ್ನ? ಒಂದು ಸಲನೂ ಅಪ್ಪಗ ಹೇಳ್ಬೇಕು ಅನಿಸ್ಲಿಲ್ಲೇನು?"

"ಅಪ್ಪಾ, ಅವು ಕರಿಯೋದಲ್ಲಪ್ಪಾ."

"ಒಂದು ತಪ್ಪು ಬರದಾರ, ಎರಡು ತಪ್ಪು ಬರದಾರ ಅನ್ನು. ಅರವತ್ತೊಂದೂ ತಪ್ಪೇನು? ಇಪ್ಪತ್ತೆರಡು ವರ್ಷದಾಗ ನಂಗ ಒಂದು ಬರ್ಲಿಲ್ಲ." ಹಾಗೆಂದು ಕುಳಿತುಬಿಟ್ಟ.

ಆಗ ನಾನು ಎಣಿಸದೇ ಇದ್ದದ್ದು ನಡೆಯಿತು. ಹಿಂದಿನಿಂದ ಒಬ್ಬರು, "ಅರವತ್ತೊಂದು ಸಲ ಕರದ್ರೂ ಹೋಗಿಲ್ಲಂದ್ರ ಈಗ ಹೋಗ್ತಾಳೇನ್ರಪಾ?" ಎಂದರು. "ಹೌದಲ್ಲ" ಎಂದಿತು ಇನ್ನೊಂದು ದನಿ. "ಹುಡಿಗಿ ನಮ್ಮ ಸಲುವಾಗಿ ಬಿಟ್ಟಾಳ" ಎಂದಿತು ಮತ್ತೊಂದು. ಕಣವೆಲ್ಲ ಅವಳ ಕಡೆ ವಾಲಿತು. ಪತ್ರಗಳು ಪೊಳ್ಳೆಂದು ನಾನು ಹೇಳಿದ್ದನ್ನು ಅರ್ಧ ಜನ ಕಿವಿಗೇ ಹಾಕಿಕೊಂಡಿರಲಿಲ್ಲ. ಅವೆಲ್ಲ ನಿಜವಾದ ಕರೆಗಳು, ಅವಳು ಎಲ್ಲವನ್ನೂ ಒದ್ದು ಇಲ್ಲೇ ನಿಂತವಳು ಎಂದು ತಿಳಿದುಕೊಂಡರು. ಮರುಳಸಿದ್ದಪ್ಪನವರು ಹೆಗಲ ಮೇಲಿನ ಟವೆಲ್ಲನ್ನು ಒಮ್ಮೆ ಮಡಿಸಿದರು, ಒಮ್ಮೆ ಬಿಚ್ಚಿದರು.

ನಾನು ಲಲಿತಾಳನ್ನು ನೋಡಿ ಕಣ್ಣಿನಲ್ಲೇ ಸುಮ್ಮನಿರು ಎಂದೆ. ನೀರು ಬಂದಂತೆಯೇ ಆಗಿತ್ತು.

ಅವಳು ಎದ್ದಳು. "ಹಂಗಲ್ರಿ. ನಾ ಯಾರ ಸಲುವಾಗೂ ಏನೂ ಬಿಟ್ಟಿಲ್ಲ. ಅವು ಕರೆ ಅಲ್ಲ ಅಂತ ಬಿಟ್ಟಿದ್ದು." ಒಂದು ಕ್ಷಣ ತಂದೆಯ ಕಡೆ ನೋಡಿದಳು. "ಎರಡಕ್ಕ ಉತ್ತರ ಬರದಿದ್ದೆ. ಅವು ಖರೇವು ಇರಬಹುದು ಅನಿಸಿತ್ತು. ಒಂದು ಕಂಪನಿಯವರು ಪರೀಕ್ಷಾ ತಗೊಂಡ್ರು. ನಾ ಪಾಸಾಗ್ಲಿಲ್ಲ. ಪಾಸಾಗಿದ್ರ ಹೋಗ್ತಿದ್ದೆನೋ ಏನೋ."

ಹಿಂದೆ ಕುಳಿತವರು ಏನೆಂದಳೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

"ಕೇಳಿದ್ರಾ?" ಎಂದರು ಮರುಳಸಿದ್ದಪ್ಪನವರು. ಅವರ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ, ಬೇಸರವಿತ್ತು. "ನಾ ಹೇಳಿದ್ದೂ ಇದ. ಪಾಳಿ ಹೇಳಾಕಿ ಬ್ಯಾರೆ ಕಡೆ ಬಾಗ್ಲ ಬಡದಾಳ. ಪಾಳಿ ಮುರೀತು."

ಇಷ್ಟು ಹೊತ್ತು ಅವಳ ಪರವಾಗಿದ್ದವರೇ ಗೋಣಿಚೀಲ ಕೊಡವಿ ಏಳತೊಡಗಿದರು. ಒಬ್ಬಳೇ ಕುಳಿತಿದ್ದ ಸುಂಕಮ್ಮ ಕೇಳಿದಳು:

"ಯಾವಾಗವ್ವಾ ಪರೀಕ್ಷಾ ಕೊಟ್ಟದ್ದು?"

"ಹ್ವಾದ ವರ್ಷ ಮೇ ತಿಂಗಳದಾಗ."

ಎರ್ರೆಪ್ಪ ತಟ್ಟನೆ ತಲೆಯೆತ್ತಿದ. "ಮೇ ತಿಂಗಳು ಕಾಲುವಿ ಬಂದ್ ಇರ್ತೈತಿ," ಎಂದ. "ಇನ್ನೊಂದಕ್ಕ ಯಾವಾಗ ಬರದಿ?"

"ಅದು ಜನವರಿಯೊಳಗ ಬಂದಿತ್ತು ಎರ್ರೆಪ್ಪಣ್ಣ. ಕಾಲುವ್ಯಾಗ ನೀರೈತಿ, ಬಂದ್ ಆದಮ್ಯಾಲ ಮಾತಾಡ್ತೀನಿ ಅಂತ ಬರದೆ. ಅವರು ಮತ್ತ ಬರೀಲಿಲ್ಲ."

"ಯಾರರ ಹೇಳಿದ್ರೇನು ಹಂಗ ಬರಿ ಅಂತ?"

"ಯಾರು ಹೇಳ್ತಾರ? ಪಾಳಿ ನಡದಾಗ ಹ್ಯಾಂಗ ಹೋಗ್ಲಿ?"

ಎರ್ರೆಪ್ಪ ಎದ್ದು ನಡುವೆ ಬಂದ. ಅವನು ದೊಡ್ಡವರ ಎದುರು ದನಿ ಎತ್ತಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ, ಅಂದೂ ಎತ್ತಲಿಲ್ಲ. "ಸಾವ್ಕಾರ್ರೇ, ಈ ಕಟ್ಟಳಿ ಯಾಕ ಬಂತು ನಿಮಗ ಗೊತ್ತೈತಿ. ನಮ್ಮಪ್ಪನಿಂದ ಬಂತು. ಭತ್ತ ಹಾಲುಗಟ್ಟೋ ಹೊತ್ತಿಗೆ ಗಣಿಯಾಗ ವಾಚ್‍ಮನ್ ಕೆಲಸ ಸಿಕ್ಕಿತು ಅಂತ ಪಾಳಿ ನಡುವ ಬಿಟ್ಟು ಹ್ವಾದ. ಆ ವರ್ಷ ಇಲ್ಲಿ ಒಬ್ಬನ ತಲಿ ಒಡೀತು. ಮೂವತ್ತು ವರ್ಷದಿಂದ ಆ ಮಾತು ತಲಿ ಮ್ಯಾಲ ಹೊತ್ಕೊಂಡು ಈ ಕಾಲುವಿ ತಿರುಗೀನಿ. ನಮ್ಮಪ್ಪ ನಡುವ ಹ್ವಾದ. ಈಕಿ ಹೋಗಿಲ್ಲ. ಕಟ್ಟಳಿ ಮುರದಿಲ್ಲ."

ಎದ್ದವರು ನಿಂತಲ್ಲೇ ನಿಂತರು. ಒಂದು ಮತ್ತು ಎರಡನೇ ತೂಬಿನವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಬೆಳಿಗ್ಗೆ ಹಲಗೆ ಇಳಿಸುತ್ತೇವೆ ಎಂದರು. ಉಳಿದದ್ದು ಮೂರನೆಯ ತೂಬು.

"ಹಂಗಾದ್ರ ಕಾಲುವಿ ನೀರಾಗ ಕೈಯಿಟ್ಟು ಹೇಳಲಿ," ಎಂದರು ಮರುಳಸಿದ್ದಪ್ಪನವರು. "ಮುಂದ ಯಾವ ಕಂಪನಿ ಕರದ್ರೂ ಹೋಗಂಗಿಲ್ಲ ಅಂತ."

"ಕಾಲುವಿ ಬಂದ್ ಆಗೋತನಕ ಹೋಗಂಗಿಲ್ಲ ಅಂತ ಹೇಳ್ತೀನ್ರಿ," ಎಂದಳು ಲಲಿತಾ. "ಜನ್ಮಪೂರ್ತಿ ಹೋಗಂಗಿಲ್ಲ ಅಂತ ಹೇಳಂಗಿಲ್ಲ. ಅದು ನಂಗ ಗೊತ್ತಿಲ್ಲ."

ಅವರು ಎದ್ದು ಗಿರಣಿಯ ಒಳಗೆ ಹೋದರು.

ಗುರುವಾರ ಬೆಳಿಗ್ಗೆ ಆರು ಹತ್ತಕ್ಕೆ ಫೋನು ಬಂತು, ಕನ್ನಡದಲ್ಲಿ. "ಒಂಬತ್ತನೇ ತೂಬಿನವರಿಗೆ ಇವತ್ತು ಹನ್ನೊಂದರಿಂದ ಆರರವರೆಗೆ ನೀರು." ಹತ್ತೂವರೆಗೆ ನಾವು ಕಾಲುವೆಯ ಏರಿಯ ಮೇಲೆ ಮೇಲಿನಿಂದ ನಡೆದುಬಂದೆವು: ಎರ್ರೆಪ್ಪ, ಲಲಿತಾ, ಸುಂಕಮ್ಮ, ನಾನು. ಮೊದಲ ತೂಬು ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು. ಮೂರನೆಯದರಲ್ಲಿ ನೀರು ಸುಳಿಸುತ್ತಿ ಒಳಗೆ ಇಳಿಯುತ್ತಿತ್ತು. ಮರುಳಸಿದ್ದಪ್ಪನವರು ತಲೆಗೆ ಟವೆಲ್ ಸುತ್ತಿಕೊಂಡು, ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ತಡವಾಗಿ ನಾಟಿ ಮಾಡಿದ ಅವರ ಮೂರು ಎಕರೆ ಅಲ್ಲೇ ಕಣ್ಣೆದುರು ಹಾಲುಗಟ್ಟುತ್ತಿತ್ತು. ಅವರಿಗೂ ನೀರು ಬೇಕಿತ್ತು, ಅದು ಸುಳ್ಳಲ್ಲ.

ಹನ್ನೊಂದಾಯಿತು. ಅಲ್ಲಿಂದ ಬಿಟ್ಟ ನೀರು ಕೊನೆ ಮುಟ್ಟಲು ಮೂರು ಗಂಟೆ ಬೇಕು. ಎರ್ರೆಪ್ಪ ಹಲಗೆಗೆ ಕೈ ಹಾಕಲು ಹೋದ. ಲಲಿತಾ ತಡೆದಳು.

"ಬ್ಯಾಡ ಅಣ್ಣಾ. ಅವರ ಇಳಿಸಬೇಕು."

ಅವಳು ಎದುರಿನ ಕಟ್ಟೆಯ ಮೇಲೆ ಕುಳಿತಳು. ಸುಂಕಮ್ಮ ನಿಂತಲ್ಲೇ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಸಾವ್ಕಾರ್ರೇ, ಹನ್ನೊಂದು ಇಪ್ಪತ್ತಾತ್ರಿ," ಎಂದ ಎರ್ರೆಪ್ಪ.

"ಗಡಿಯಾರ ನಂಗೂ ಐತಿ."

ಮತ್ತೆ ಐದು ನಿಮಿಷ ಕಳೆಯಿತು. ಅವರು ನೀರಿನ ಕಡೆ ನೋಡುತ್ತಲೇ ಕೇಳಿದರು: "ಒಂದ ಮಾತು ಹೇಳು. ನೀ ಹ್ವಾದ ಮ್ಯಾಲ ಈ ಫೋನ್ ಯಾರು ಮಾಡಸ್ತಾರ? ಬಡಿಗಿ ಹಿಡಕೊಂಡು ಈ ಕಟ್ಟಿ ಕಾದವ ನಾನು. ಒಡದ ತಲಿ ನಮ್ಮಣ್ಣಂದು. ಎರಡು ವರ್ಷ ಆತು ಬಡಿಗಿ ಮುಟ್ಟಿಲ್ಲ. ನೀ ಎದ್ದು ಹೋಗಿಬಿಟ್ರ ಮತ್ತ ಅದ. ಅದರ ಬದಲಿ ಈಗ ಮುರದು ಹೋಗ್ಲಿ ಅನಿಸ್ತು."

ಎರಡು ದಿನ ಅವರನ್ನು ನಾವೆಲ್ಲ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದ್ದೆವು.

"ಅದು ನಾ ಮೊದ್ಲ ಮಾಡಬೇಕಿತ್ರಿ," ಎಂದಳು ಲಲಿತಾ. "ನನ್ನೊಬ್ಬಾಕಿ ಕೈಯಾಗ ಇಟ್ಕೊಂಡಿದ್ದು ತಪ್ಪು. ಕಾಲುವಿ ಬಂದ್ ಆದಮ್ಯಾಲ ತೂಬಿಗೊಬ್ಬರು ಬರ್ಲಿ, ಕಲಸ್ತೀನಿ. ನಿಮ್ಮ ಹಂಪೇಶನ್ನೂ ಕಳಸ್ರಿ."

"ನನ್ನ ಮಗ ಕಲಿಯೋ ಪೈಕಿ ಅಲ್ಲ."

"ಎರ್ರೆಪ್ಪಣ್ಣ ಕಲತಾನ್ರಿ. ಹಂಪೇಶ್ ಕಲಿಯಂಗಿಲ್ಲೇನು?"

ಅವರ ಮುಖದಲ್ಲಿ ನಗೆಯಂಥದೇನೋ ಬಂದು ಹೋಯಿತು. ಮೊಣಕಾಲಿಗೆ ಕೈಯೂರಿ ಎದ್ದರು. ನೀರಿಗಿಳಿದು, ಹಲಗೆಯ ಮೇಲೆ ಎರಡೂ ಕೈಯಿಟ್ಟು ಮೈಭಾರ ಬಿಟ್ಟು ಒತ್ತಿದರು. ಹಲಗೆ ಕೂತಿತು. ಕಾಲುವೆಯ ನೀರು ಒಂದು ಗೇಣು ಏರಿ ಮುಂದೆ ಸರಿಯಿತು. ಆಗ ಹನ್ನೊಂದು ನಲವತ್ತು.

ನಾವು ನೀರಿನ ಜೊತೆಗೇ ಕೆಳಗೆ ನಡೆದೆವು. ಎರಡೂ ಮುಕ್ಕಾಲಿನ ಹೊತ್ತಿಗೆ ಅದು ಒಂಬತ್ತನೇ ತೂಬಿಗೆ ಬಂತು, ತರಗೆಲೆಗಳನ್ನು ತಳ್ಳಿಕೊಂಡು. ಕೊನೆಯ ತೂಬಿನಲ್ಲಿಯೂ ಕ್ರಮವಿದೆ: ಮೇಲಿನ ಗದ್ದೆಗಳು ಮೊದಲು, ಆಮೇಲೆ ಸುಂಕಮ್ಮನದು, ಎಲ್ಲಕ್ಕೂ ಕೊನೆಗೆ ನಮ್ಮದು. ಸುಂಕಮ್ಮ ಸೀರೆ ಎತ್ತಿಕಟ್ಟಿ ಗದ್ದೆಗಿಳಿದು ಬದುವಿನ ಬಾಯಿ ತೆರೆದಳು. ಗಾದಿಲಿಂಗಪ್ಪ ಎಲ್ಲಿಂದಲೋ ಬಂದು ಗುದ್ದಲಿ ಹಿಡಿದು ಅವಳ ಪಕ್ಕ ನಿಂತ. ಮಗಳೊಂದಿಗೆ ಅವನಿನ್ನೂ ಮಾತಾಡಿರಲಿಲ್ಲ. ಆದರೆ ಅವಳು ಯಾವ ಬದು ತೋರಿಸಿದರೆ ಆ ಬದುವಿಗೆ ಹೋಗುತ್ತಿದ್ದ.

ನಮ್ಮ ಗದ್ದೆಗೆ ನೀರು ತಿರುಗಿದಾಗ ಐದು ದಾಟಿತ್ತು. ಆರಕ್ಕೆ ಎರ್ರೆಪ್ಪ ಕೊನೆಯ ಹಲಗೆ ಇಳಿಸಿದ. ನೀರು ಗದ್ದೆಯ ಮುಕ್ಕಾಲು ಪಾಲು ಹರಡಿತ್ತು. ಬೇಲಿಯ ಕಡೆಯ ಮೂಲೆಯಲ್ಲಿ ನೆಲದ ಬಿರುಕು ಹಾಗೆಯೇ ಇತ್ತು.

"ಸಾರ್, ನಿಮ್ಮ ಮೂಲಿ ಒಣಗೇ ಉಳೀತಲ್ರಿ," ಎಂದಳು ಲಲಿತಾ. "ಎರ್ರೆಪ್ಪಣ್ಣಗ ಹೇಳ್ಲೇನು, ಇನ್ನೊಂದರ್ಧ ತಾಸು?"

ಎರ್ರೆಪ್ಪ ಹಲಗೆಯ ಮೇಲೆ ಕೈಯಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಬೇಡಮ್ಮ," ಎಂದೆ. "ಪಾಳಿ ಮುಗಿಯಿತು."